ಬಟ್ಟಲು ಮಗುಚಿ ನೋಡಿದ ಮೋರ್ಸ್

ಮೋರ್ಸ್ ಅಂದ್ರೆ ನಮ್ಮ ಎಲೆಕ್ಟ್ರಿಕಲ್ ಕೆಲಸದವರಿಗೆ ಮೊದಲು ನೆನಪಾಗೋದು ಟೆಲಿಗ್ರಾಫ್, ಆ ಚುಕ್ಕೆ-ಗೆರೆಗಳ ಕೋಡ್. ಆ ಮೋರ್ಸ್ ಹೆಸರು ಸ್ಯಾಮ್ಯುಯೆಲ್. ನಾನು ಬರೆಯೋಕೆ ಹೊರಟಿರೋದು ಎಡ್ವರ್ಡ್ ಸಿಲ್ವೆಸ್ಟರ್ ಮೋರ್ಸ್ ಬಗ್ಗೆ. ಇವರೂ ಅಮೆರಿಕದವರೇ, ಆದರೆ ಇವರ ಹೆಸರು ಹೆಚ್ಚು ಗೊತ್ತಿರೋದು ಜಪಾನಿನಲ್ಲಿ. ಅಲ್ಲಿ ಶಾಲೆ ಪಾಠದಲ್ಲೇ ಇವರ ಹೆಸರು ಬರುತ್ತೆ. ತೀರಿಕೊಂಡು ನೂರು ವರ್ಷ ಆಗಿದೆ. ಹೊರದೇಶಕ್ಕೆ ಕಾಂಟ್ರ್ಯಾಕ್ಟ್ ಮೇಲೆ ದುಡಿಯೋಕೆ ಹೋದ ಮನುಷ್ಯ ಒಬ್ಬರು, ಆ ದೇಶದ ಜನ ಚಹಾ ಕುಡಿಯೋ ಮಣ್ಣಿನ ಬಟ್ಟಲನ್ನು ಅಲ್ಲಿನವರಷ್ಟೇ ಚೆನ್ನಾಗಿ ಗುರುತಿಸೋ ಮಟ್ಟಕ್ಕೆ ಬಂದ ಕಥೆ ಇದು. ನಮ್ಮ ವಾರ್ಷಿಕ ಸಂಚಿಕೆ ಓದೋರಿಗೆ ಇದು ಹಿಡಿಸಬಹುದು ಅನ್ನೋ ನಂಬಿಕೆಯಿಂದ ಬರೀತಿದ್ದೀನಿ.

1838ರ ಜೂನ್ 18ರಂದು ಅಮೆರಿಕದ ಮೇನ್ ರಾಜ್ಯದ ಪೋರ್ಟ್‌ಲ್ಯಾಂಡ್ ಊರಲ್ಲಿ ಹುಟ್ಟಿದ. ಅಪ್ಪ ಚರ್ಚಿನ ಕಟ್ಟುನಿಟ್ಟಿನ ಮನುಷ್ಯ. ಮಗ ಅದಕ್ಕೆ ತದ್ವಿರುದ್ಧ. ಒಂದಲ್ಲ ಎರಡಲ್ಲ, ಸೇರಿಸಿದ ಶಾಲೆಯಿಂದೆಲ್ಲ ಹೊರಗೆ ಹಾಕಿಸಿಕೊಂಡ. ಒಂದು ಶಾಲೆಯಲ್ಲಂತೂ ಡೆಸ್ಕಿನ ಮೇಲೆ ಚಾಕುವಿನಿಂದ ಕೆತ್ತಿದ್ದಕ್ಕೆ ಮನೆಗೆ ಕಳಿಸಿದರು. ಆದರೆ ಹುಡುಗನಿಗೆ ಒಂದು ಹುಚ್ಚಿತ್ತು. ಸಮುದ್ರದ ದಂಡೆಯ ಚಿಪ್ಪು, ಕಾಡಿನ ಎಲೆ ಕೆಳಗಿರೋ ಬಸವನಹುಳುವಿನ ಚಿಪ್ಪು ಎಲ್ಲ ಹೆಕ್ಕಿ ತಂದು, ಬೇರೆ ಬೇರೆ ಮಾಡಿ ಜೋಡಿಸಿ ಇಡೋದು. ಇನ್ನೂ ಇಪ್ಪತ್ತು ತುಂಬುವ ಮೊದಲೇ ಅದುವರೆಗೂ ಯಾರೂ ದಾಖಲೆ ಮಾಡದ ಒಂದು ಪುಟ್ಟ ಬಸವನಹುಳು ಜಾತಿಯನ್ನು ಕಂಡುಹಿಡಿದ. ಗುಂಡುಸೂಜಿ ತಲೆಗಿಂತ ಅಷ್ಟೇನೂ ದೊಡ್ಡದಲ್ಲದ ಚಿಪ್ಪು ಅದು. ಬೇರೆಯವರು ನೋಡಿದರೂ ಮಣ್ಣಿನ ಕಾಳು ಅಂದ್ಕೊಂಡು ಬಿಡ್ತಿದ್ದರು.

ಹೊಟ್ಟೆಪಾಡಿಗೆ ಸೇರಿದ್ದು ಪೋರ್ಟ್‌ಲ್ಯಾಂಡಿನ ರೈಲ್ವೆ ಎಂಜಿನ್ ಕಾರ್ಖಾನೆಗೆ, ಡ್ರಾಫ್ಟ್ಸ್‌ಮನ್ ಆಗಿ. ನಮ್ಮ ಐಟಿಐಗಳಲ್ಲಿ ಡ್ರಾಫ್ಟ್ಸ್‌ಮನ್ ಟ್ರೇಡ್ ಅಂತ ಇರುತ್ತಲ್ಲ, ಅದೇ ಕೆಲಸ. ಎಂಜಿನ್ನಿನ ಬಿಡಿಭಾಗ ನೋಡಿ ಅಳತೆ ತಪ್ಪದೆ ಗೆರೆ ಎಳೆಯೋದು. ಆಮೇಲೆ ಬೋಸ್ಟನ್ನಿನಲ್ಲಿ ಪುಸ್ತಕಗಳಿಗೆ ಮರದ ಅಚ್ಚಿನ ಚಿತ್ರ ಮಾಡೋರ ಹತ್ತಿರ ಸ್ವಲ್ಪ ಕಾಲ. ಈ ಕೈಚಳಕವೇ ಮುಂದೆ ಇಡೀ ಜೀವನಕ್ಕೆ ಅನ್ನ ಹಾಕಿತು. ಹಾರ್ವರ್ಡ್‌ನಲ್ಲಿ ಲೂಯಿ ಅಗಾಸಿ ಅನ್ನೋ ಆ ಕಾಲದ ದೊಡ್ಡ ಪ್ರಾಣಿಶಾಸ್ತ್ರಜ್ಞರಿಗೆ ಚಿಪ್ಪುಗಳನ್ನು ವಿಂಗಡಿಸಿ ಚಿತ್ರ ಬರೆಯೋ ಸಹಾಯಕ ಬೇಕಾಗಿತ್ತು. 1859ರಲ್ಲಿ ಮೋರ್ಸ್ ಅಲ್ಲಿಗೆ ಸೇರಿದರು. ಅಲ್ಲಿ ಕಲಿತದ್ದು ಒಂದೇ ಪಾಠ ಅಂತ ನನಗನ್ನಿಸುತ್ತೆ: ಒಂದು ವಸ್ತುವನ್ನು ಕೈಯಲ್ಲಿ ಹಿಡಿದು ಗಂಟೆಗಟ್ಟಲೆ ನೋಡೋದು. ಗುರುಗಳ ಜೊತೆ ಹೊಂದಲಿಲ್ಲ, ಎರಡು ಮೂರು ವರ್ಷದಲ್ಲಿ ಬಿಟ್ಟು ಬಂದರು. ಅಗಾಸಿ ಡಾರ್ವಿನ್ನನ ವಿಕಾಸವಾದವನ್ನು ಕೊನೇವರೆಗೂ ಒಪ್ಪಲಿಲ್ಲ, ಶಿಷ್ಯ ಮುಂದೆ ಅದನ್ನೇ ಊರೂರಿಗೆ ಹೋಗಿ ಹೇಳಿದರು.

ಕಾಲೇಜಿನಲ್ಲಿ ಓದಿ ಪರೀಕ್ಷೆ ಪಾಸು ಮಾಡಿದ ಡಿಗ್ರಿ ಈ ಮನುಷ್ಯನಿಗೆ ಇರಲಿಲ್ಲ. ಆದರೂ 1871ರಲ್ಲಿ ಬೌಡಿನ್ ಕಾಲೇಜು ಕರೆದು ಪ್ರೊಫೆಸರ್ ಮಾಡಿತು. ಸಂಸಾರ ತೂಗಿಸಲು ಊರೂರು ತಿರುಗಿ ವಿಜ್ಞಾನ ಭಾಷಣ ಮಾಡ್ತಿದ್ದರು. ಜನ ಟಿಕೆಟ್ ತಗೊಂಡು ಬರ್ತಿದ್ದರು. ಯಾಕಂದ್ರೆ ಮೋರ್ಸ್ ಎರಡೂ ಕೈಯಲ್ಲಿ ಸೀಮೆಸುಣ್ಣ ಹಿಡಿದು ಏಕಕಾಲಕ್ಕೆ ಬೋರ್ಡಿನ ಮೇಲೆ ಚಿತ್ರ ಬಿಡಿಸುತ್ತಿದ್ದರು. ಎಡಗೈ ಚಿಟ್ಟೆಯ ಎಡರೆಕ್ಕೆ, ಬಲಗೈ ಬಲರೆಕ್ಕೆ, ಮಾತು ಮಾತ್ರ ನಿಲ್ಲೋದಿಲ್ಲ ಅನ್ನೋ ಥರ.

1877ರ ಜೂನ್‌ನಲ್ಲಿ ಜಪಾನಿಗೆ ಹೋದರು. ಬಟ್ಟಲಿಗಾಗಿ ಅಲ್ಲ, ಪಾತ್ರೆಪಡಗದ ಯೋಚನೆಯೇ ತಲೆಯಲ್ಲಿರಲಿಲ್ಲ. ಬ್ರಾಕಿಯೊಪಾಡ್ ಅನ್ನೋ ಚಿಪ್ಪಿನ ಸಮುದ್ರಜೀವಿ ಜಪಾನಿನ ಕಡಲಲ್ಲಿ ಬಹಳ ಸಿಗುತ್ತೆ ಅಂತ ಕೇಳಿ ಹೊರಟದ್ದು. ಯೊಕೊಹಾಮಾ ಬಂದರಿನಲ್ಲಿ ಇಳಿದು, ಐದು ವರ್ಷದ ಹಿಂದಷ್ಟೇ ಶುರುವಾಗಿದ್ದ ರೈಲು ಹತ್ತಿ ಟೋಕಿಯೊ ಕಡೆ ಹೋಗುವಾಗ ಓಮೊರಿ ಅನ್ನೋ ಜಾಗದ ಹತ್ತಿರ ಕಿಟಕಿಯಿಂದ ಹೊರಗೆ ನೋಡ್ತಾರೆ. ಹಳಿ ಹಾಕೋಕೆ ಅಗೆದಿದ್ದ ದಿಬ್ಬದ ಪಕ್ಕದಲ್ಲಿ ಬಿಳೀ ಚಿಪ್ಪಿನ ಪದರ. ಆ ರೈಲಿನಲ್ಲಿ ಐದು ವರ್ಷದಿಂದ ಎಷ್ಟೋ ಜನ ಓಡಾಡಿದ್ದರು. ಮೇನ್ ತೀರದಲ್ಲಿ ಇಂಥದ್ದೇ ರಾಶಿಗಳನ್ನು ನೋಡಿದ್ದ ಕಣ್ಣಿಗೆ ಮಾತ್ರ ಅದು ಹಳೇ ಕಾಲದ ಜನ ತಿಂದು ಬಿಸಾಕಿದ ಚಿಪ್ಪು ಅಂತ ಗೊತ್ತಾಯಿತು. ಕೆಲವು ತಿಂಗಳಲ್ಲೇ ವಿದ್ಯಾರ್ಥಿಗಳನ್ನು ಕರ್ಕೊಂಡು ಹೋಗಿ ಅಗೆಸಿದರು. ಜಪಾನಿನಲ್ಲಿ ವೈಜ್ಞಾನಿಕವಾಗಿ ಮಾಡಿದ ಮೊದಲ ಪುರಾತತ್ವ ಉತ್ಖನನ ಅದೇ. ಚಿಪ್ಪಿನ ಜೊತೆ ಸಿಕ್ಕಿದ್ದು ಒಡೆದ ಮಡಕೆ ಚೂರು, ಮೈಮೇಲೆ ಹಗ್ಗ ಒತ್ತಿದ ಗುರುತು. ಮೋರ್ಸ್ ಅದಕ್ಕೆ ಇಟ್ಟ ಹೆಸರನ್ನೇ ಜಪಾನಿ ಭಾಷೆಗೆ ತಿರುಗಿಸಿ ಜೋಮೋನ್ ಅಂದರು. ಇವತ್ತು ಆ ದೇಶದ ಸಾವಿರಾರು ವರ್ಷದ ಒಂದು ಇಡೀ ಕಾಲಘಟ್ಟವನ್ನೇ ಜೋಮೋನ್ ಯುಗ ಅಂತಾರೆ. ಶಾಲೆ ಪಾಠದಲ್ಲಿ ಇವರ ಹೆಸರು ಬರೋದು ಇದಕ್ಕೇ.

ಅದೇ ವರ್ಷ ಶುರುವಾಗಿದ್ದ ಟೋಕಿಯೊ ವಿಶ್ವವಿದ್ಯಾಲಯಕ್ಕೆ ಪ್ರಾಣಿಶಾಸ್ತ್ರ ಕಲಿಸೋರು ಬೇಕಾಗಿತ್ತು. ಎರಡು ವರ್ಷದ ಕಾಂಟ್ರ್ಯಾಕ್ಟ್ ಆಯಿತು. ಆ ಕಾಲದಲ್ಲಿ ಜಪಾನ್ ಸರ್ಕಾರ ರೈಲು, ದೀಪಸ್ತಂಭ, ಟೆಲಿಗ್ರಾಫ್, ಆಸ್ಪತ್ರೆ, ಪಾಠಶಾಲೆ ಎಲ್ಲದಕ್ಕೂ ಹೊರಗಿನಿಂದ ಜನ ಕರೆಸುತ್ತಿತ್ತು. ಅವರಿಗೆ ಓಯಾತೊಯಿ ಗೈಕೊಕುಜಿನ್ ಅನ್ನೋ ಹೆಸರು, ಅಂದ್ರೆ ಸಂಬಳಕ್ಕಿಟ್ಟುಕೊಂಡ ಪರದೇಶಿ. ನಮಗೂ ಇಲ್ಲಿ ಅಂಥದ್ದೇ ಹೆಸರಿದೆ, ಕಾರ್ಡಿನ ಮೇಲೆ ಬರ್ಕೊಂಡು ಓಡಾಡ್ತೀವಿ. ಆದರೆ ಹೋಲಿಕೆ ಅಲ್ಲಿಗೇ ಸಾಕು. ಅವರಿಗೆ ದೊಡ್ಡ ಸಂಬಳ, ವಿಶ್ವವಿದ್ಯಾಲಯದ ಕಾಂಪೌಂಡಿನಲ್ಲೇ ಮನೆ, ಮುಂದಿನ ವರ್ಷ ಹೆಂಡತಿ ಮಕ್ಕಳನ್ನೂ ಕರೆಸಿಕೊಂಡರು. ಒಂದು ರೂಮಿಗೆ ಎಂಟು ಬಂಕ್ ಹಾಕಿಕೊಂಡಿರೋ ನಮ್ಮ ಲೆಕ್ಕ ಬೇರೆ.

ಅಂಥವರಲ್ಲಿ ಬಹಳ ಜನ ಬಂದ ಕೆಲಸ ಮುಗಿಸಿ, ಯೊಕೊಹಾಮಾ ಅಂಗಡಿಯಲ್ಲಿ ಹೊಳೆಯೋ ಸಾಮಾನು ಕೊಂಡು ಊರಿಗೆ ಹೋದರು. ಸತ್ಸುಮಾ ಅನ್ನೋ ಹೆಸರಲ್ಲಿ ಮಾರ್ತಿದ್ದ ಹೂದಾನಿಗಳು, ಮೈತುಂಬ ಬಂಗಾರದ ಬಣ್ಣ, ಖಾಲಿ ಜಾಗ ಇಲ್ಲದ ಹಾಗೆ ಚಿತ್ರ. ಜಪಾನೀಯರು ಅವನ್ನು ತಮ್ಮ ಮನೆಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಪರದೇಶಿಗಳಿಗೆ ಇದೇ ಬೇಕು ಅಂತ ಪರದೇಶಿಗಳಿಗೋಸ್ಕರವೇ ಮಾಡಿದ ಮಾಲು. ಮೋರ್ಸ್ ಮನಸ್ಸು ಮಣ್ಣಿನ ಪಾತ್ರೆ ಕಡೆ ತಿರುಗಿದ್ದು ಮಾತ್ರ ಒಂದು ಅಂಗಡಿಯಲ್ಲಿ ಚಿಪ್ಪಿನ ಆಕಾರದ ಪುಟ್ಟ ತಟ್ಟೆ ಕಣ್ಣಿಗೆ ಬಿದ್ದಾಗ. ಚಿಪ್ಪಿನ ಹುಚ್ಚಿನವರಿಗೆ ಅಷ್ಟು ಸಾಕಾಯಿತು. ಒಂದು ತಂದರು, ಹತ್ತು ತಂದರು. ಯಾವುದು ಹಳೇದು, ಯಾವುದು ಮೊನ್ನೆ ಮಾಡಿದ್ದು ಅಂತ ಗೊತ್ತಾಗಬೇಕಾದರೆ ಗುರು ಬೇಕು ಅಂತ ಹೊಳೆಯಿತು. ಸಿಕ್ಕವರು ನಿನಾಗಾವಾ ನೊರಿತಾನೆ.

ಇಲ್ಲಿ ಜಪಾನಿನ ಚಹಾ ಬಟ್ಟಲಿನ ವಿಚಾರ ಸ್ವಲ್ಪ ಹೇಳಬೇಕು. ನಮ್ಮ ಹಾಗೆ ಹಾಲು ಸಕ್ಕರೆ ಹಾಕಿ ಕುದಿಸೋ ಚಹಾ ಅಲ್ಲ ಅದು. ಹಸಿರು ಚಹಾ ಎಲೆಯನ್ನು ನುಣ್ಣಗೆ ಪುಡಿ ಮಾಡಿ, ಬಟ್ಟಲಿಗೇ ಹಾಕಿ, ಬಿಸಿನೀರು ಹೊಯ್ದು ಬಿದಿರಿನ ಕಡಗೋಲಿನಂಥ ಕುಂಚದಿಂದ ಕಡೀತಾರೆ. ಅತಿಥಿ ಎರಡೂ ಕೈಯಲ್ಲಿ ಎತ್ತಿ ಕುಡೀತಾನೆ. ಕುಡಿದಾದ ಮೇಲೆ ಬಟ್ಟಲನ್ನು ನೋಡಬೇಕು, ನೋಡದೇ ಇಟ್ಟರೆ ಮರ್ಯಾದೆ ಅಲ್ಲ. ಚವಾನ್ ಅಂತಾರೆ ಅದಕ್ಕೆ. 16ನೇ ಶತಮಾನದಲ್ಲಿ ಸೆನ್ ನೊ ರಿಕ್ಯು ಅನ್ನೋ ಚಹಾ ಗುರು, ಚೀನಾದ ನುಣುಪು ಬಟ್ಟಲಿಗಿಂತ ಒರಟು ಮಣ್ಣಿನ ಬಟ್ಟಲೇ ಮೇಲು ಅನ್ನೋ ರುಚಿಯನ್ನು ಗಟ್ಟಿ ಮಾಡಿದರು. ಅವರಿಗಾಗಿ ಕ್ಯೋತೋದ ಚೊಜಿರೊ ಅನ್ನೋ ಕುಶಲಿ ತಿಗರಿ ಇಲ್ಲದೆ, ಬರೀ ಕೈಯಿಂದ ಒತ್ತಿ ಒತ್ತಿ ಕಪ್ಪು ಮತ್ತು ಕೆಂಪು ಬಟ್ಟಲು ಮಾಡಿಕೊಟ್ಟ. ಕಪ್ಪು ಬಟ್ಟಲನ್ನು ಕೆಂಡದಂತೆ ಕಾದಿರುವಾಗಲೇ ಇಕ್ಕಳದಲ್ಲಿ ಹಿಡಿದು ಆವಿಗೆಯಿಂದ ಹೊರಗೆಳೀತಾರೆ. ಆ ಮನೆತನಕ್ಕೆ ರಾಕು ಅನ್ನೋ ಹೆಸರು ಬಂತು, ಇವತ್ತಿಗೂ 16ನೇ ತಲೆಮಾರಿನವರು ಅದೇ ಕ್ಯೋತೋದಲ್ಲಿ ಅದೇ ಕೆಲಸ ಮಾಡ್ತಿದ್ದಾರೆ.

ಇಂಥ ಬಟ್ಟಲು ಯಾರದ್ದು ಅಂತ ಹೇಗೆ ಹೇಳೋದು? ಮೇಲಿನಿಂದ ನೋಡಿದರೆ ಆಗಲ್ಲ, ಮಗುಚಿ ನೋಡಬೇಕು. ತಳದಲ್ಲಿ ಒಂದು ಕಾಲುಬಳೆ ಥರ ಉಂಗುರ ಇರುತ್ತೆ. ಅಲ್ಲಿ ಸಾಮಾನ್ಯವಾಗಿ ಗಾಜಿನ ಲೇಪ ಹಚ್ಚಿರಲ್ಲ, ಹಾಗಾಗಿ ಮಣ್ಣು ಬರಿಗಣ್ಣಿಗೆ ಕಾಣುತ್ತೆ. ಬಿಜೆನ್ ಊರಿನ ಮಣ್ಣೇ ಬೇರೆ, ಶಿಗರಾಕಿ ಮಣ್ಣಿನಲ್ಲಿ ಬಿಳೀ ಕಲ್ಲಿನ ಹರಳು. ತಿಗರಿಯಿಂದ ದಾರ ಹಾಕಿ ಕತ್ತರಿಸಿದ ಗುರುತು, ಚಾಕುವಿನಿಂದ ಹೆರೆದ ರೀತಿ, ಎಲ್ಲ ಮಾಡಿದವನ ಕೈ ಹೇಳುತ್ತೆ. ಕೆಲವರು ಹೆಸರು ಒತ್ತುತ್ತಿದ್ದರು. 17ನೇ ಶತಮಾನದ ನಿನ್ಸೆಯಿ ತನ್ನ ಮಾಲಿಗೆ ತನ್ನದೇ ಮುದ್ರೆ ಹಾಕಿದ. 1743ರಲ್ಲಿ ತೀರಿಕೊಂಡ ಕೆನ್ಜಾನ್ ಕುಂಚದಲ್ಲಿ ಸಹಿ ಮಾಡಿದ. ಹೆಸರಿಗೆ ಬೆಲೆ ಬಂದ ಕೂಡಲೇ ಕಳ್ಳಮಾಲೂ ಬಂತು. ಕೆನ್ಜಾನ್ ಸಹಿ ಇರೋ ಪಾತ್ರೆಗಳಿಗೆ ಲೆಕ್ಕವಿಲ್ಲ, ಅವನ ನಂತರ ಅದೇ ಹೆಸರು ಇಟ್ಟುಕೊಂಡವರೂ ಇದ್ದರು, ಸುಮ್ಮನೆ ನಕಲು ಮಾಡಿದವರೂ ಇದ್ದರು. ಆದ್ದರಿಂದ ಸಹಿ ಓದೋದು ಕೊನೇ ಕೆಲಸ. ಮೊದಲು ಮಣ್ಣು, ಆಮೇಲೆ ಕೈ, ಆಮೇಲೆ ಹೆಸರು. ಕೇಬಲ್ ಮೇಲೆ ದೊಡ್ಡ ಕಂಪನಿ ಹೆಸರು ಅಚ್ಚಾಗಿದ್ದರೂ ಒಂದು ಇಂಚು ಸಿಪ್ಪೆ ಸುಲಿದು ತಾಮ್ರ ನೋಡದೆ ನಾನು ವೈರಿಂಗಿಗೆ ಹಾಕಲ್ಲ. ನಮ್ಮೂರ ಸಂತೆಯಲ್ಲಿ ಅಜ್ಜಿ ಮಡಕೆ ಕೊಳ್ಳುವಾಗ ಬೆರಳಲ್ಲಿ ಬಡಿದು ಸದ್ದು ಕೇಳೋದೂ ಇದೇ ಜಾತಿಯ ವಿದ್ಯೆ.

ನಿನಾಗಾವಾ ಈ ವಿದ್ಯೆಯಲ್ಲಿ ಪಳಗಿದವರು. ಸರ್ಕಾರ 1872ರಲ್ಲಿ ಹಳೇ ದೇವಾಲಯಗಳ ಸಂಪತ್ತಿನ ಪಟ್ಟಿ ಮಾಡಿಸಿದಾಗ ಅದರಲ್ಲಿ ಕೆಲಸ ಮಾಡಿದವರು, ಮಣ್ಣಿನ ಪಾತ್ರೆಗಳ ಬಗ್ಗೆ ಚಿತ್ರಸಹಿತ ಪುಸ್ತಕಗಳನ್ನೇ ಹೊರತಂದವರು. ಮೋರ್ಸ್ ಪಾತ್ರೆ ತಗೊಂಡು ಹೋಗಿ ಇವರ ಮುಂದೆ ಇಡೋದು, ಇವರು ಊರು, ಕಾಲ, ಕುಂಬಾರನ ಹೆಸರು ಹೇಳೋದು. ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿರೋ ಬಿಳಿಯ, ಸಂಜೆ ಹೊತ್ತು ಅಲ್ಲಿನ ಒಬ್ಬರ ಎದುರು ವಿದ್ಯಾರ್ಥಿಯಾಗಿ ಕೂತದ್ದು. ಆ ಕಾಲಕ್ಕೆ ಇದು ಸಣ್ಣ ವಿಷಯ ಅಲ್ಲ. ಬಹಳ ಪಾಶ್ಚಾತ್ಯರು ಕಲಿಸೋಕೆ ಬಂದಿದ್ದೀವಿ ಅಂತಲೇ ತಿಳಿದಿದ್ದರು. ಜಪಾನೀಯರು ಕೂತು ಹೆಸರು ಮುಚ್ಚಿ ಪಾತ್ರೆ ಗುರುತಿಸೋ ಆಟ ಆಡ್ತಿದ್ದರು. ಕ್ರಮೇಣ ಮೋರ್ಸ್ ಕೂಡ ಅವರ ನಡುವೆ ಕೂತು ಸರಿಯಾಗಿ ಹೇಳತೊಡಗಿದರು. ಬಟ್ಟಲು ಅರ್ಥವಾಗಬೇಕಾದರೆ ಬಳಸೋದು ಗೊತ್ತಿರಬೇಕು ಅಂತ ಚಹಾ ಮಾಡೋ ವಿಧಿಯನ್ನೂ ಕಲಿತರು. ಅಷ್ಟಕ್ಕೇ ನಿಲ್ಲದೆ ನೋ ನಾಟಕದ ಹಾಡುಗಾರಿಕೆಯನ್ನು ಉಮೆವಾಕಾ ಮಿನೊರು ಅನ್ನೋ ದೊಡ್ಡ ಕಲಾವಿದರ ಹತ್ತಿರ ಅಭ್ಯಾಸ ಮಾಡಿದರು. ಹೇಗೆ ಹಾಡಿದರೋ ಕಾಣೆ, ಮಂಡಿಯೂರಿ ಕೂತು ಕಾಲು ಜೋಮು ಹಿಡಿದಿದ್ದಂತೂ ಖಂಡಿತ ಇರಬೇಕು.

1879ರಲ್ಲಿ ಕಾಂಟ್ರ್ಯಾಕ್ಟ್ ಮುಗಿದು ಊರಿಗೆ ಹೋದರು. ಮರುವರ್ಷ ಸೇಲಂ ಪಟ್ಟಣದ ಪೀಬಡಿ ವಿಜ್ಞಾನ ಸಂಗ್ರಹಾಲಯಕ್ಕೆ ನಿರ್ದೇಶಕರಾದರು. ಮನಸ್ಸು ಮಾತ್ರ ಜಪಾನಿನಲ್ಲೇ. 1882ರಲ್ಲಿ ಮೂರನೇ ಸಲ ಹೊರಟರು. ಈ ಸಲ ಬ್ರಾಕಿಯೊಪಾಡ್ ನೆಪವೂ ಇಲ್ಲ, ಬರೀ ಪಾತ್ರೆಗೋಸ್ಕರ. ಜೊತೆಗೆ ಬೋಸ್ಟನ್ನಿನ ಶ್ರೀಮಂತ ಡಾಕ್ಟರ್ ಬಿಗೆಲೊ. ಅಲ್ಲಿ ಫೆನೊಲೊಸಾ ಸೇರಿಕೊಂಡರು. ಆ ಫೆನೊಲೊಸಾರನ್ನು ತತ್ತ್ವಶಾಸ್ತ್ರ ಕಲಿಸೋಕೆ ಟೋಕಿಯೊಗೆ ಶಿಫಾರಸು ಮಾಡಿದ್ದೂ ಮೋರ್ಸ್ ಅವರೇ. ಮೂವರೂ ಮನುಷ್ಯರೆಳೆಯೋ ರಿಕ್ಷಾದಲ್ಲಿ ಕ್ಯೋತೋ ಕಡೆಗೆ, ಅಲ್ಲಿಂದ ಮುಂದೆ ಹಿರೋಶಿಮಾವರೆಗೂ ತಿರುಗಿದರು. ಫೆನೊಲೊಸಾ ಚಿತ್ರಪಟ, ಬಿಗೆಲೊ ಕತ್ತಿ ಮತ್ತು ಅರಗಿನ ಕೆಲಸದ ವಸ್ತು, ಮೋರ್ಸ್ ಮಣ್ಣಿನ ಪಾತ್ರೆ. ಹೀಗೆ ಹಂಚಿಕೊಂಡಿದ್ದರಿಂದ ಒಬ್ಬರ ಮೇಲೊಬ್ಬರು ಬೆಲೆ ಏರಿಸಲಿಲ್ಲ. ಕ್ಯೋತೋದಲ್ಲಿ ಕುಂಬಾರ ಮನೆತನಗಳ ಅಂಗಳಕ್ಕೇ ಹೋಗಿ ಕೂತು, ಅಪ್ಪ ಯಾರು, ತಾತ ಯಾರು, ಯಾರ ಕಾಲದಲ್ಲಿ ಯಾವ ಮುದ್ರೆ ಒತ್ತುತ್ತಿದ್ದಿರಿ ಅಂತ ಮೋರ್ಸ್ ಕೇಳಿ ಬರೆದುಕೊಂಡರು. ಕೆಲಸ ಮಾಡೋ ತಿಗರಿ, ಆವಿಗೆ, ಅಂಗಳದಲ್ಲಿ ಆಡೋ ಮಕ್ಕಳು ಎಲ್ಲದರ ಚಿತ್ರ ಡೈರಿಯಲ್ಲಿ. ಅದೇ ವರ್ಷ ಗುರು ನಿನಾಗಾವಾ ತೀರಿಕೊಂಡರು, ಐವತ್ತೂ ತುಂಬಿರಲಿಲ್ಲ.

ಇಲ್ಲೊಂದು ಮುಳ್ಳಿನ ವಿಷಯ ಇದೆ, ಅದನ್ನು ಬಿಟ್ಟು ಹೋದರೆ ಬರೀ ಹೊಗಳಿಕೆ ಆಗುತ್ತೆ. ಇಷ್ಟೊಂದು ಒಳ್ಳೇ ಬಟ್ಟಲು ಒಬ್ಬ ಮೇಷ್ಟ್ರ ಕೈಗೆಟುಕೋ ಬೆಲೆಗೆ ಸಿಕ್ಕಿದ್ದು ಹೇಗೆ? 1868ರಲ್ಲಿ ಆಳ್ವಿಕೆ ಬದಲಾಯಿತು. ಸಮುರಾಯ್‌ಗಳಿಗೆ ತಲೆತಲಾಂತರದಿಂದ ಬರ್ತಿದ್ದ ಭತ್ಯೆ ನಿಂತಿತು. ಹಳೇ ಪಾಳೆಗಾರರ ಮನೆಗಳಲ್ಲಿ ದುಡ್ಡಿಲ್ಲ. ದೇಶವೆಲ್ಲ ಪಾಶ್ಚಾತ್ಯ ಹೊಸತರ ಹಿಂದೆ ಬಿದ್ದು ಚಹಾ ವಿಧಿಯೇ ಹಳೇಕಾಲದ್ದು ಅಂತಾಯಿತು. ಪೆಟ್ಟಿಗೆಯಲ್ಲಿ ರೇಷ್ಮೆ ಸುತ್ತಿ ಇಟ್ಟಿದ್ದ ಬಟ್ಟಲುಗಳು ಅಂಗಡಿಗೆ ಬಂದವು. ಊರಲ್ಲಿ ಕಷ್ಟ ಬಂದು ಅಮ್ಮನ ಓಲೆ ಮಾರಿದಾಗ ಕೊಂಡವನು ಮೋಸ ಮಾಡಿದ ಅಂತ ಹೇಳೋಕಾಗಲ್ಲ, ಅವನು ಕೊಡೋ ಬೆಲೆ ಕೊಟ್ಟಿರುತ್ತಾನೆ. ಆದರೂ ಓಲೆ ಮನೆ ಬಿಟ್ಟು ಹೋಯಿತು. ಮೋರ್ಸ್ ಅವರಿಗೂ ಇದು ಗೊತ್ತಿತ್ತು. ಆ ಪ್ರಯಾಣದಲ್ಲೇ ಗೆಳೆಯರ ಹತ್ತಿರ, ಈ ದೇಶದ ಒಳ್ಳೆಯದೆಲ್ಲ ಹೀಗೆ ಗೊತ್ತಾಗದ ಹಾಗೆ ಸೋರಿ ಹೋಗ್ತಿದೆ ಅಂತ ಮರುಗಿದ್ದರು. ಮರುಗುತ್ತಲೇ ಕೊಂಡರು. ಎರಡೂ ನಿಜ. ಜಪಾನ್ ತನ್ನ ದೇವಾಲಯಗಳ ಪುರಾತನ ವಸ್ತುಗಳನ್ನು ಉಳಿಸಿಕೊಳ್ಳೋ ಕಾಯ್ದೆ ಮಾಡಿದ್ದು 1897ರಲ್ಲಿ. ಮಿತ್ಸುಯಿ ಕಂಪನಿಯ ಮಾಸುದಾ ತಕಾಶಿಯಂಥ ಶ್ರೀಮಂತರು ಚಹಾ ಪಾತ್ರೆಗಳನ್ನು ಪೈಪೋಟಿ ಮೇಲೆ ಕೊಳ್ಳೋಕೆ ಶುರು ಮಾಡಿ ಬೆಲೆ ಗಗನಕ್ಕೆ ಹೋಗೋ ಹೊತ್ತಿಗೆ ಮೋರ್ಸ್ ಪೆಟ್ಟಿಗೆಗಳು ಅಮೆರಿಕ ಸೇರಿ ಬಹಳ ಕಾಲವಾಗಿತ್ತು.

ಒಟ್ಟು 5,000ಕ್ಕೂ ಮೇಲೆ. ಅದರಲ್ಲಿ ಚಹಾ ಬಟ್ಟಲು, ಚಹಾಪುಡಿ ಇಡೋ ಕುಡಿಕೆ, ನೀರಿನ ಪಾತ್ರೆ, ಹೂದಾನಿ, ಅಡುಗೆಮನೆಯ ಜಾಡಿ ಎಲ್ಲ ಇತ್ತು. ಚಿಪ್ಪು ಜೋಡಿಸಿದ ಹಾಗೇ ಜೋಡಿಸಿದರು: ಪ್ರಾಂತ, ಊರು, ಆವಿಗೆ, ಕುಂಬಾರ, ಅವನ ಮಗ. ಚೆಂದ ಇದೆಯೋ ಇಲ್ಲವೋ ಅನ್ನೋದು ಎರಡನೇ ಪ್ರಶ್ನೆ, ಆ ಮನೆತನದ್ದು ಒಂದಾದರೂ ಇರಬೇಕು ಅನ್ನೋದು ಮೊದಲನೇದು. 1892ರಲ್ಲಿ ಬೋಸ್ಟನ್ ಕಲಾ ಸಂಗ್ರಹಾಲಯ ಇಡೀ ಸಂಗ್ರಹವನ್ನು 76,000 ಡಾಲರಿಗೆ ಕೊಂಡಿತು. ಬಿಡಿ ಬಿಡಿಯಾಗಿ ಮಾರಲಿಲ್ಲ ಅನ್ನೋದು ಮುಖ್ಯ. ಪಾತ್ರೆ ಹೋದ ಕಡೆ ಮೋರ್ಸ್ ಕೂಡ ಹೋದರು, ಕೊನೇವರೆಗೂ ಅದರ ಮೇಲ್ವಿಚಾರಕರಾಗಿದ್ದರು. ಹತ್ತು ವರ್ಷ ಕೂತು 1901ರಲ್ಲಿ ದಪ್ಪ ಕ್ಯಾಟಲಾಗ್ ಹೊರತಂದರು. ಒಂದೊಂದು ಪಾತ್ರೆಗೂ ಸಂಖ್ಯೆ, ಮಣ್ಣಿನ ವಿವರ, ಮುದ್ರೆಯ ನಕಲು.

ಎಲ್ಲರೂ ತಲೆಬಾಗಲಿಲ್ಲ. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಬೋವ್ಸ್ ಅನ್ನೋ ಉಣ್ಣೆ ವ್ಯಾಪಾರಿ ಇದ್ದ, ಬಂಗಾರದ ಬಣ್ಣದ ಜಪಾನಿ ಪಾತ್ರೆಗಳ ದೊಡ್ಡ ಸಂಗ್ರಹಗಾರ. ನಿಮ್ಮ ಈ ಅಲಂಕಾರದ ಮಾಲೆಲ್ಲ ಪರದೇಶಿಗಳಿಗಾಗಿ ಮಾಡಿದ್ದು ಅನ್ನೋ ಅರ್ಥದಲ್ಲಿ ಮೋರ್ಸ್ ಟೀಕಿಸಿದಾಗ ಅವನು ಸಿಟ್ಟಾಗಿ 1891ರಲ್ಲಿ ತನ್ನ ಪಾತ್ರೆಗಳ ಪರವಾಗಿ ಪುಸ್ತಕವನ್ನೇ ಅಚ್ಚು ಹಾಕಿಸಿದ. ಮೋರ್ಸ್ ಸ್ವಭಾವವೂ ಮೆತ್ತಗಿನದಲ್ಲ, ಮುಖಕ್ಕೆ ಹೊಡೆದ ಹಾಗೆ ಹೇಳೋದು. ಡೆಟ್ರಾಯಿಟ್‌ನಲ್ಲಿ ರೈಲು ಬೋಗಿ ಮಾಡಿ ಶ್ರೀಮಂತರಾದ ಚಾರ್ಲ್ಸ್ ಫ್ರೀಯರ್ ಕೂಡ ಜಪಾನಿ ಬಟ್ಟಲು ಕೊಳ್ಳುತ್ತಿದ್ದರು, ಯಾರ ಕೆಲಸ ಅಂತ ನೋಡಿ ಹೇಳೋಕೆ ಮೋರ್ಸ್ ಅವರನ್ನೇ ಕರೆಸಿದರು. ಫ್ರೀಯರ್ ಕಣ್ಣಿಗೆ ತಂಪಾದರೆ ಮಾತ್ರ ಕೊಳ್ಳೋರು, ಮೋರ್ಸ್ ಪಟ್ಟಿ ತುಂಬಿಸೋರು. ನನಗೆ ಇಬ್ಬರಲ್ಲಿ ಮೋರ್ಸ್ ಹೆಚ್ಚು ಇಷ್ಟ. ಚೆಂದದ್ದನ್ನು ಯಾರಾದರೂ ಎತ್ತಿಡುತ್ತಾರೆ. ಸಣ್ಣ ಊರಿನ ಹೆಸರಿಲ್ಲದ ಆವಿಗೆಯವನ ಹೆಸರನ್ನು ಕೇಳಿ ಬರೆದಿಡೋರು ಕಡಿಮೆ.

ವಯಸ್ಸಾದ ಮೇಲೂ ಸುಮ್ಮನೆ ಕೂರಲಿಲ್ಲ. ಮಂಗಳ ಗ್ರಹದ ಬಗ್ಗೆ ಪುಸ್ತಕ ಬರೆದರು, ಅದನ್ನು ಓದದಿದ್ದರೂ ನಷ್ಟವಿಲ್ಲ. ಜಪಾನಿನ ಡೈರಿ 3,500 ಪುಟದಷ್ಟಿತ್ತು, ಕಪಾಟಿನಲ್ಲೇ ಬಿದ್ದಿತ್ತು. ನಾವು ನೋಡಿದ ಜಪಾನ್ ಈಗ ಇಲ್ಲ, ಹುಳಹುಪ್ಪಟೆ ಬಿಟ್ಟು ಅದನ್ನು ಬರೆ ಅಂತ ಗೆಳೆಯ ಬಿಗೆಲೊ ಗದರಿದ ಮೇಲೆ 1917ರಲ್ಲಿ ಎರಡು ಸಂಪುಟವಾಗಿ ಬಂತು, 777 ಚಿತ್ರಗಳ ಜೊತೆ. ಬಾವಿ ರಾಟೆ, ಬಡಗಿಯ ಉಳಿ, ಛಾವಣಿ ಹೆಂಚು, ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ಅಕ್ಕ. ನಮ್ಮ ಥರದ ಕೈಕೆಲಸದವರು ಪುಟ ತಿರುಗಿಸಿದರೆ ಓದು ಬರದಿದ್ದರೂ ಅರ್ಧ ಅರ್ಥವಾಗುತ್ತೆ.

1923ರ ಸೆಪ್ಟೆಂಬರ್‌ನಲ್ಲಿ ಟೋಕಿಯೊ ಭೂಕಂಪದಲ್ಲಿ ಹತ್ತಿಕೊಂಡ ಬೆಂಕಿಗೆ ವಿಶ್ವವಿದ್ಯಾಲಯದ ಗ್ರಂಥಾಲಯ ಸುಟ್ಟು ಬೂದಿಯಾಯಿತು. ಸುದ್ದಿ ಕೇಳಿದ 85 ವರ್ಷದ ಮೋರ್ಸ್ ತಮ್ಮ ಸ್ವಂತ ಪುಸ್ತಕಗಳನ್ನೆಲ್ಲ ಆ ವಿಶ್ವವಿದ್ಯಾಲಯಕ್ಕೆ ಅಂತ ಉಯಿಲು ಬರೆಸಿದರು. ಎರಡೂ ಕೈಯಲ್ಲಿ ಬರೆಯೋ ಮನುಷ್ಯನ ಮಿದುಳು ಹೇಗಿರುತ್ತೆ ಅಂತ ನೋಡಲಿ ಅಂತ ಮಿದುಳನ್ನು ಫಿಲಡೆಲ್ಫಿಯಾದ ವಿಸ್ಟರ್ ಸಂಸ್ಥೆಗೆ ಬಿಟ್ಟುಕೊಟ್ಟಿದ್ದರು. 1925ರ ಡಿಸೆಂಬರ್ 20ರಂದು ಸೇಲಂನಲ್ಲಿ ತೀರಿಕೊಂಡರು. ಸುಮಾರು 12,000 ಪುಸ್ತಕಗಳು ಟೋಕಿಯೊಗೆ ಹೋದವು. ಬಟ್ಟಲುಗಳು ಬೋಸ್ಟನ್ನಿನಲ್ಲೇ ಉಳಿದವು.